ಎರಡನೇ ಗೋಲ್‌ಕೀಪರ್

ಬೇಲೂರಿನ ನಮ್ಮ ಪಕ್ಕದ ಮನೆಯವರು ಅರ್ಚಕರ ಮನೆತನದ ಕಿರಿಯ ಮಗ. ಅಣ್ಣ ಮಂಗಳಾರತಿ ಎತ್ತುವಾಗ ಹಿಂದೆ ನಿಂತು ಗಂಟೆ ಬಾರಿಸುವುದು ಅವರ ಕೆಲಸ. ಫುಟ್‌ಬಾಲ್ ವಿಶ್ವಕಪ್ ಬಂದರೆ ಫೈನಲ್ ಬಿಟ್ಟರೂ ಮೂರನೇ ಸ್ಥಾನದ ಪಂದ್ಯ ಬಿಡುತ್ತಿರಲಿಲ್ಲ.

"ಸೆಮಿಫೈನಲ್‌ನಲ್ಲಿ ಸೋತವರು ಮತ್ತೆ ಯಾಕೆ ಆಡಬೇಕು?" ಎಂದು ಒಮ್ಮೆ ಅವರ ಟಿ.ವಿ. ಮುಂದೆ ಕೂತು ಕೇಳಿದೆ.

"ಆಡ್ಲಿ ಬಿಡಿ," ಎಂದರು. ಯಾವುದಕ್ಕೂ ಅವರದು ಇದೇ ಮಾತು. "ಬೆಂಚಲ್ಲೇ ಕೂತಿರೋ ಎರಡನೇ ಗೋಲ್‌ಕೀಪರ್‌ನ ಇವತ್ತಾದ್ರೂ ಇಳಿಸ್ತಾರೇನೋ."

ಆಡುತ್ತಿದ್ದದ್ದು ಯಾವ ದೇಶಗಳೋ, ನೆನಪು ನಂಬುವಂತಿಲ್ಲ. ಕೊನೆಗೆ ಆ ಎರಡನೇ ಗೋಲ್‌ಕೀಪರ್ ಮೈದಾನಕ್ಕೆ ಇಳಿದದ್ದು, ಇವರು ಕುರ್ಚಿಯ ತುದಿಗೆ ಸರಿದದ್ದು ಮಾತ್ರ ನಿಜವೆನಿಸುತ್ತದೆ. ಸ್ವಲ್ಪ ಹೊತ್ತಿಗೇ ಚೆಂಡು ಅವನ ಕೈತಪ್ಪಿ ಬಲೆ ಸೇರಿತು. ನಾನು ನಕ್ಕೆ.

"ನಗಬೇಡಿ ಕಣ್ರೀ," ಎಂದರು, ಟಿ.ವಿ.ಯಿಂದ ಕಣ್ಣು ತೆಗೆಯದೆ. "ಬೆಂಚಲ್ಲೇ ಇದ್ದಿದ್ರೆ, ಹೀಗೆ ಬಿಟ್ಕೊಡೋಕೆ ಆ ಗೋಲೂ ಅವನಿಗೆ ಸಿಕ್ತಿರ್ಲಿಲ್ಲ."