ಭಂಗಾರ ಕೇಳಿಕೊಂಡು ಬಂದವಳು

ದೆವ್ವ, ಗಾಳಿ, ಸೋಕು ಎಂಬ ಮಾತು ಬಂದರೆ ನಾನು ಎದ್ದು ಚಹಾ ಮಾಡಲು ಹೋಗುವವಳು. ವಾದ ಮಾಡುವಷ್ಟು ಮರ್ಯಾದೆಯನ್ನೂ ಅವಕ್ಕೆ ಕೊಟ್ಟವಳಲ್ಲ. ಕಂಪ್ಯೂಟರುಗಳ ನಡುವೆ ದುಡಿಯುವವರಿಗೆ ಒಂದು ಖಾತ್ರಿ ಇರುತ್ತದೆ. ಏನೇ ಕೆಟ್ಟರೂ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಇವತ್ತು ಸಿಗದಿದ್ದರೆ ನಾಳೆ ಸಿಗುತ್ತದೆ. ಈಗ ಹೇಳಹೊರಟಿರುವುದಕ್ಕೆ ಮಾತ್ರ ಇನ್ನೂ ಸಿಕ್ಕಿಲ್ಲ. ನೀವು ನಂಬಬೇಕೆಂಬ ಹಟ ನನಗಿಲ್ಲ. ನಂಬದೆ ನಕ್ಕುಬಿಟ್ಟರೆ ನನಗೇ ಸಮಾಧಾನ.

ಬಸವಕಲ್ಯಾಣದಲ್ಲಿ ಒಂದು ದೊಡ್ಡ ಆಸ್ಪತ್ರೆ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಕೆಲಸ. ಆ ವರ್ಷ ಸಂಸ್ಥೆಯ ಎಲ್ಲ ಶಾಖೆಗಳಿಗೂ ಹೊಸ ಯಂತ್ರಗಳು ಬಂದವು. ಹಳೆಯವನ್ನೆಲ್ಲ ತಂದು ಹುಮನಾಬಾದಿನಲ್ಲಿ ಖಾಲಿ ಬಿದ್ದಿದ್ದ ನಮ್ಮದೇ ಹಳೇ ಹೆರಿಗೆ ಆಸ್ಪತ್ರೆಯಲ್ಲಿ ಒಟ್ಟಿದ್ದರು. ಆಸ್ಪತ್ರೆಯ ಕಂಪ್ಯೂಟರನ್ನು ಸುಮ್ಮನೆ ಎಸೆಯುವಂತಿಲ್ಲ. ಯಾರಿಗೆ ಏನು ರೋಗ, ಯಾರ ಬಸಿರು ನಿಂತಿತು, ಯಾರದು ನಿಲ್ಲಲಿಲ್ಲ, ಎಲ್ಲ ಅದರೊಳಗೆ ಕೂತಿರುತ್ತದೆ. ಆದ್ದರಿಂದ ಒಂದೊಂದರ ಹಾರ್ಡ್ ಡಿಸ್ಕನ್ನೂ ಬಿಚ್ಚಿ, ಡ್ರಿಲ್ಲಿನಿಂದ ತೂತು ಹಾಕಿ, ಮತ್ತೆಂದೂ ಯಾರೂ ಓದದಂತೆ ಮಾಡಬೇಕು. ಉಳಿದದ್ದನ್ನು ಪರವಾನಗಿ ಇದ್ದವರ ಲಾರಿಗೆ ಕೊಡಬೇಕು, ಇಲ್ಲವಾದರೆ ಒಳಗಿನ ಸೀಸ, ಪಾದರಸ ಯಾರದೋ ಹೊಲದ ಮಣ್ಣಿಗೆ ಇಳಿಯುತ್ತದೆ. ಅದನ್ನೆಲ್ಲ ನಿಂತು ಮಾಡಿಸುವುದು ನನ್ನ ಪಾಲಿಗೆ ಬಂತು.

ಆಗ ನನಗೆ ಏಳು ತಿಂಗಳು. ಹಿಂದೆ ಒಂದು ಕೈತಪ್ಪಿ ಹೋಗಿತ್ತು. ಇದೊಂದು ದಕ್ಕಲಿ ಎಂದು ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ಮೇಲೆ ನಗುತ್ತ ತಿರುಗುತ್ತಿದ್ದ ನಾನೂ ಒಳಗೆ ಹಾಗೇ ಇದ್ದೆ.

ನಮ್ಮ ಕಡೆ ಗುಜರಿಗೆ ಭಂಗಾರ ಎನ್ನುತ್ತೇವೆ, ಮರಾಠಿಯಿಂದ ಬಂದ ಮಾತು. ಬರೆಯುವಾಗ ಭ ಬರೆದರೂ ನಾಲಿಗೆಯ ಮೇಲೆ ಗುಜರಿಗೂ ಚಿನ್ನಕ್ಕೂ ಅಂಥ ಫರಕು ಉಳಿಯುವುದಿಲ್ಲ. ಆ ದಿನ ಮುಂಜಾನೆ ಹೊರಡುವಾಗ ಭಂಗಾರ ಕೊಟ್ಟು ಬರಲು ಹುಮನಾಬಾದಿಗೆ ಹೊರಟಿದ್ದೇನೆ ಎಂದೆ. ಅಷ್ಟು ಬಂಗಾರ ಇದ್ದರೆ ನೌಕರಿ ಯಾಕೆ ಮಾಡುತ್ತೀ ಎಂದು ಗಂಡ ಚೇಷ್ಟೆ ಮಾಡಿದ. ಅತ್ತೆಗೆ ನಗು ಬರಲಿಲ್ಲ. ಬಸುರಿ ಹೆಂಗಸು ಮಟಮಟ ಮಧ್ಯಾಹ್ನ ಪಾಳು ಮನೆಗೆ ಹೋಗಬಾರದು, ಹೋದರೂ ಒಂದು ಕಬ್ಬಿಣದ ಚೂರು ಹತ್ತಿರ ಇರಲಿ ಎಂದರು. ನಾನು ಹೋಗುತ್ತಿರುವುದೇ ಕಬ್ಬಿಣದ ರಾಶಿಗೆ ಎಂದು ಹೇಳಿ ವ್ಯಾನು ಹತ್ತಿದೆ.

ಕಾವಲಿನ ಮಾಣಿಕಪ್ಪ ಘಾಟಬೋರಾಳದವನು, ವಯಸ್ಸಾದವನು. ಬೀಗ ತೆಗೆದು ನನ್ನನ್ನು ಒಳಗೆ ಬಿಟ್ಟು, ತಾನು ಗೇಟಿನ ಹತ್ತಿರ ಬೇವಿನ ನೆರಳಿಗೆ ಕೂತ. ಲಾರಿ ಇನ್ನೂ ಬಂದಿರಲಿಲ್ಲ. ಬರುವಷ್ಟರಲ್ಲಿ ಡಿಸ್ಕುಗಳನ್ನಾದರೂ ಬಿಚ್ಚಿಡೋಣವೆಂದು ನಾನು ಕಿಟಕಿಯ ಬೆಳಕಿಗೆ ಸ್ಟೂಲು ಎಳೆದುಕೊಂಡೆ. ಕಟ್ಟಡಕ್ಕೆ ಕರೆಂಟಿನ ಸಂಪರ್ಕವನ್ನೇ ತೆಗೆದುಹಾಕಿದ್ದರು. ಹೊರಗೆ ಸುಡು ಬಿಸಿಲು, ಒಳಗೆ ಹಳೇ ಫಿನಾಯಿಲಿನ ವಾಸನೆ.

ಈ ಹೆರಿಗೆ ಆಸ್ಪತ್ರೆಯದೇ ಸ್ಕ್ಯಾನಿಂಗ್ ಕೋಣೆಯದೆಂದು ಚೀಟಿ ಅಂಟಿಸಿದ್ದ ಹಳೇ ಕಂಪ್ಯೂಟರ್ ಡಬ್ಬಿಯ ಮುಚ್ಚಳ ತೆಗೆದು ಡಿಸ್ಕಿಗೆ ಕೈ ಹಾಕಿದೆ. ಅದು ಬೆಚ್ಚಗಿತ್ತು. ಈಗಷ್ಟೇ ಬಂದ್ ಮಾಡಿದ ಯಂತ್ರದ ಡಿಸ್ಕು ಹಾಗಿರುತ್ತದೆ. ಇದು ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದದ್ದು. ಬಿಸಿಲಿನ ಕಾವು ಇರಬೇಕೆಂದುಕೊಂಡು ಪಕ್ಕದ ಡಬ್ಬಿ ಮುಟ್ಟಿ ನೋಡಿದೆ, ತಣ್ಣಗಿತ್ತು.

ಮತ್ತೆ ಆ ಡಿಸ್ಕಿನ ಸ್ಕ್ರೂ ಬಿಚ್ಚುತ್ತಿದ್ದಂತೆ ಬೆನ್ನ ಹಿಂದೆ ಬಾಗಿಲಲ್ಲಿ ಒಂದು ಹೆಣ್ಣು ದನಿ ಕೇಳಿತು.

"ಬಂಗಾರ ಇಲ್ಲೇ ಅದ ಏನ್ರೀ ಅಕ್ಕಾ?"

ಲಾರಿಯ ಜೊತೆ ಬಂದ ಕೆಲಸದವಳೆಂದು ತಿಳಿದೆ. ಸ್ಕ್ರೂವಿನಿಂದ ಕೈ ತೆಗೆಯುವ ಹಾಗಿರಲಿಲ್ಲ, ತಿರುಗದೆಯೇ ಇಲ್ಲೇ ಅದರಿ ಎಂದೆ.

"ಒಯ್ಲೇನ್ರಿ?"

"ಒಯ್ರಿ," ಎಂದೆ. "ಯಾರಿಗೂ ಬ್ಯಾಡಾಗ್ಯಾದ."

ತುಂಬ ದಿನದ ಮೇಲೆ ಹೊರೆ ಇಳಿಸಿದವರು ಬಿಡುವಂಥ ಒಂದು ನಿಟ್ಟುಸಿರು ಕೇಳಿತು, ನನ್ನ ಹೆಗಲ ಹತ್ತಿರವೇ. ತಿರುಗಿದೆ. ಬಾಗಿಲು ಖಾಲಿ ಇತ್ತು. ನೆಲದ ಧೂಳಿನಲ್ಲಿ ನಾನು ಬಂದ ಹೆಜ್ಜೆಗಳಷ್ಟೇ ಇದ್ದವು.

ಹೊರಗೆ ಹೋಗಿ ಆ ಹೆಂಗಸು ಎತ್ತ ಹೋದಳೆಂದು ಮಾಣಿಕಪ್ಪನನ್ನು ಕೇಳಿದೆ. ಯಾವ ಹೆಂಗಸೂ ಬಂದಿಲ್ಲ, ಲಾರಿ ಹುಡಗಿ ಎಂಬ ಊರಿನ ಹತ್ತಿರ ಪಂಕ್ಚರಾಗಿ ನಿಂತಿದೆಯೆಂದು ಈಗ ಫೋನು ಬಂತು ಎಂದ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದ.

"ನೀವು ಆಕಿಗಿ ಏನರ ಅಂದ್ರೇನ್ರಿ, ಮೇಡಂ?"

ಆಕಿ ಎಂದರೆ ಯಾರು ಎಂದು ಎಷ್ಟು ಕೇಳಿದರೂ ಆತ ನೀವು ಮೊದಲು ಮನಿಗಿ ಹೋಗ್ರಿ ಎಂದಷ್ಟೇ ಅಂದ.

ನಾನು ಹೋಗಲಿಲ್ಲ. ಲಾರಿ ಬಂತು. ಇಳಿದವರೆಲ್ಲ ಗಂಡಸರು. ಡಿಸ್ಕುಗಳಿಗೆ ಅವರು ಬ್ಯಾಟರಿ ಡ್ರಿಲ್ಲಿನಿಂದ ತೂತು ಹಾಕುತ್ತಿದ್ದರೆ ನಿಯಮದಂತೆ ನಾನು ಎದುರಿಗೆ ನಿಂತಿದ್ದೆ. ಆ ಬೆಚ್ಚನೆಯ ಡಿಸ್ಕಿನ ಸರದಿ ಬಂದಾಗ ನೋಡಲಾಗದೆ ಮುಖ ತಿರುಗಿಸಿದೆ. ಆಗ ಹೊಟ್ಟೆಯ ಮೇಲೆ ಕೈ ಹೋಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಒದ್ದು ಗದ್ದಲ ಹಾಕುವ ಕೂಸು ಆ ದನಿ ಕೇಳಿದಾಗಿನಿಂದ ಒಂದು ಸಲವೂ ಅಲುಗಾಡಿರಲಿಲ್ಲ.

ಬಸವಕಲ್ಯಾಣಕ್ಕೆ ಬರುವ ಆ ದಾರಿಯಲ್ಲಿ ನಾನು ಪಟ್ಟ ಭಯವನ್ನು ಹೇಳಲು ನನಗೆ ಬರುವುದಿಲ್ಲ. ನೀರು ಕುಡಿದೆ, ಮಗ್ಗುಲು ಬದಲಿಸಿದೆ, ಹೊಟ್ಟೆ ತಟ್ಟಿ ಕರೆದೆ. ದೇವರನ್ನೂ ಕರೆದೆ. ಒಳಗೆ ಕಲ್ಲಿನ ಹಾಗೆ ಸುಮ್ಮನಿತ್ತು.

ನಮ್ಮ ಡಾಕ್ಟರಮ್ಮ ನನ್ನ ಓರಗೆಯವಳೇ. ತಕ್ಷಣ ಮಲಗಿಸಿ ಸ್ಕ್ಯಾನ್ ಮಾಡಿದಳು. ಪರದೆಯ ಕಡೆ ನೋಡುತ್ತ ಹೊಟ್ಟೆಯ ಮೇಲೆ ಯಂತ್ರವನ್ನು ಆ ಕಡೆ ಈ ಕಡೆ ಸರಿಸಿದಳು. ಆಮೇಲೆ ಎದೆಬಡಿತದ ಸದ್ದು ಕೋಣೆ ತುಂಬ ಕೇಳಿಸಿತು. ಡಾಕ್ಟರಮ್ಮ ನಕ್ಕು ನನ್ನ ಕೈ ಹಿಡಿದಳು.

"ಯಾಕ ಅಳಾಕತ್ತೀ? ನಿನ್ನ ಬಂಗಾರ ಆರಾಮ್ ಅದ."

ಆ ಮಾತು ಕಿವಿಗೆ ಬಿದ್ದಾಗಲೇ ನನಗೆ ತಿಳಿದದ್ದು. ನಮ್ಮಲ್ಲಿ ತಾಯಂದಿರು ಕೂಸನ್ನು ಕರೆಯುವುದೇ ಹಾಗೆ. ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಒಬ್ಬ ಹೆಂಗಸು ಕೇಳಿದ್ದು ಏನನ್ನು? ಒಯ್ಯಿ, ಯಾರಿಗೂ ಬೇಡವಾಗಿದೆ ಎಂದು ನಾನು ಕೊಟ್ಟದ್ದು ಯಾವುದನ್ನು? ಆ ಡಿಸ್ಕಿನೊಳಗೆ ಉಳಿದಿದ್ದ ಅವಳ ಕೂಸಿನ ಚಿತ್ರವನ್ನೋ, ಅಥವಾ... ಮುಂದೆ ಯೋಚಿಸಲು ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. ಮನೆ ಸೇರುವಷ್ಟರಲ್ಲಿ ಕೂಸು ಮತ್ತೆ ಒದೆಯತೊಡಗಿತ್ತು.

ಮಗಳು ಹುಟ್ಟಿದಳು, ಗಟ್ಟಿಮುಟ್ಟಾಗಿದ್ದಾಳೆ, ಈಗ ಶಾಲೆಗೂ ಹೋಗುತ್ತಾಳೆ. ನನಗೆ ಆಯಾಸವಾಗಿತ್ತು, ಹೊರಗಿನ ಯಾವುದೋ ಮಾತು ಕಿಟಕಿಯಿಂದ ಕೇಳಿಸಿತ್ತು ಎಂದು ನೂರು ಕಾರಣ ಕೊಟ್ಟುಕೊಂಡಿದ್ದೇನೆ. ಆದರೂ ಮನೆಯಲ್ಲಿ ಅವಳನ್ನು ಬಂಗಾರ ಎಂದು ಯಾರೂ ಕರೆಯಕೂಡದೆಂದು ಹುಟ್ಟಿದ ದಿನವೇ ಕಟ್ಟಪ್ಪಣೆ ಮಾಡಿದೆ. ಯಾಕೆಂದು ಅತ್ತೆ ಕೇಳಲಿಲ್ಲ. ಅವರ ಬಾಯಿಂದಲೂ ಆ ಮಾತು ಒಮ್ಮೆಯೂ ಬಂದಿಲ್ಲ.

ಮೊನ್ನೆ ಇಳಿಹೊತ್ತಿನಲ್ಲಿ ಓಣಿಯಲ್ಲಿ ಗುಜರಿಯವನು ಗಾಡಿ ತಳ್ಳಿಕೊಂಡು ಭಂಗಾರ್, ಭಂಗಾರ್ ಎಂದು ಕೂಗುತ್ತ ಹೋದ. ಅಂಗಳದಲ್ಲಿ ಆಡುತ್ತಿದ್ದ ಮಗಳು ಆಟ ಬಿಟ್ಟು ಎದ್ದು ನಿಂತಳು. ಅವಳು ನೋಡಿದ್ದು ಗಾಡಿಯ ಕಡೆಗಲ್ಲ, ಯಾರೂ ಇಲ್ಲದ ನಮ್ಮ ಗೇಟಿನ ಕಡೆಗೆ.

"ಬಂದೆ, ಅವ್ವಾ," ಎಂದಳು.

ಅವಳು ನನ್ನನ್ನು ಕರೆಯುವುದು ಮಮ್ಮಿ ಎಂದು. ಅವ್ವ ಎಂದು ಕರೆಸಿಕೊಳ್ಳುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ನಾನು ಓಡಿಹೋಗಿ ಅವಳನ್ನು ಎತ್ತಿಕೊಂಡು ಒಳಗೆ ಬಂದು ಬಾಗಿಲು ಹಾಕಿದೆ. ಯಾರಿಗೆ ಓಗೊಟ್ಟೆ ಎಂದು ಅವಳನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ.