ಒಂದೇ ಪಾತಿಗೆ ಎರಡು ಕೈ ಬೂದಿ

ಬೀದಿಯವರೆಲ್ಲ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಹಾಗೆ ನೋಡಿದರೆ ಅವಳು ಯಾರಿಗೂ ಚಿಕ್ಕಮ್ಮನಲ್ಲ. ಮನೆಯಲ್ಲಿದ್ದವಳು ಒಬ್ಬಳೇ ಅಕ್ಕ, ಅವಳಿಗೂ ಮದುವೆಯಿಲ್ಲ ಮಕ್ಕಳಿಲ್ಲ; ಇನ್ನು ಚಿಕ್ಕಮ್ಮ ಎನ್ನುವವರು ಎಲ್ಲಿಂದ ಬರಬೇಕು? ಆದರೂ ಹೆಸರು ಅಂಟಿಕೊಂಡಿತು. ಬಾಡಿಗೆ ಮನೆಯ ಹಿಂದೆ, ಇಟ್ಟಿಗೆ ಗೋಡೆಗೆ ಹೊಂದಿಕೊಂಡ ಸಣ್ಣ ಜಾಗದಲ್ಲಿ ಹುರುಳಿಕಾಯಿ, ಪಾಲಕ್, ಮೂಲಂಗಿ ಬೆಳೆದು ಮಾರುವುದು ಅವಳ ಕಸುಬು. ಅಂಗಡಿಯ ಗೊಬ್ಬರ ಒಂದು ಚಿಟಿಕೆಯೂ ಆ ಮಣ್ಣಿಗೆ ಬಿದ್ದದ್ದಿಲ್ಲ. ಅಕ್ಕ ಬಟ್ಟೆ ಹೊಲಿಯುತ್ತಿದ್ದಳು, ಬಿಡುವಾದಾಗ ಬಂದು ಕಳೆ ಕೀಳುತ್ತಿದ್ದಳು.

ಎಡವಟ್ಟಾದದ್ದು ಆ ಕಳೆ ಕೀಳುವುದರಲ್ಲೇ. ಒಂದು ಬೆಳಗ್ಗೆ ಅಕ್ಕ, ಆಗಷ್ಟೇ ತಲೆಯೆತ್ತಿದ ಕ್ಯಾರೆಟ್ ಸಸಿಗಳ ಇಡೀ ಸಾಲನ್ನು ಹುಲ್ಲೆಂದುಕೊಂಡು ಕಿತ್ತು ರಾಶಿ ಹಾಕಿದಳು. ಚಿಕ್ಕಮ್ಮನಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ನಿಂಗೆ ಮಣ್ಣಿನ ಗಂಧಗಾಳಿನೂ ಗೊತ್ತಿಲ್ಲ ಕಣೇ! ಇನ್ಮೇಲೆ ನನ್ನ ಪಾತಿಗೆ ಕೈ ಹಾಕ್ಬೇಡ."

ಅಕ್ಕ ಕೈಯ ಮಣ್ಣು ಕೊಡವಿ ಒಳಗೆ ಹೋದಳು. ಅಂದಿನಿಂದ ಮಾತು ನಿಂತಿತು. ಒಂದೇ ಸೂರು, ಒಂದೇ ಒಲೆ, ಆದರೆ ನಡುವೆ ಅಂಚೆಯವನ ಕೆಲಸ ಬೆಕ್ಕಿನದು. "ಬೆಕ್ಕೇ, ಊಟ ಆರ್ತಾ ಇದೆ ಅಂತ ಹೇಳು" ಎಂದು ಒಬ್ಬಳು; "ಬೆಕ್ಕೇ, ನಂಗೆ ಹಸಿವಿಲ್ಲ ಅಂತ ಹೇಳು" ಎಂದು ಇನ್ನೊಬ್ಬಳು. ಕೇಳಿದವರು ನಗುತ್ತಿದ್ದರು. ವರ್ಷಗಳು ಉರುಳಿದ ಮೇಲೆ ಬೆಕ್ಕೂ ಸತ್ತಿತು, ಆ ದಾರಿಯೂ ಮುಚ್ಚಿತು.

ಅವರ ಮಣ್ಣು ಹುಟ್ಟಾ ಹುಳಿ ಮಣ್ಣು. ಹುಳಿಗೆ ಬೂದಿಯೇ ಮದ್ದು ಎಂದು ಇಬ್ಬರಿಗೂ ಹೇಳಿಕೊಟ್ಟವಳು ಅಮ್ಮ. ಚಿಕ್ಕಮ್ಮ ಬೇಕರಿಯ ಸೌದೆ ಒಲೆಯಿಂದ ಬೂದಿ ತಂದು, ಜರಡಿ ಹಿಡಿದು, ಪಾತಿಗೆ ಬೆರೆಸಿ ನೀರು ಬಿಡುತ್ತಿದ್ದಳು. ಮೊದಮೊದಲು ಬೆಳೆ ನಗುನಗುತ್ತಾ ಬಂತು. ಆಮೇಲೆ ಹುರುಳಿಕಾಯಿ ಗಿಡದ ಎಲೆ ಹಳದಿಗೆ ತಿರುಗಿತು, ನರ ಮಾತ್ರ ಹಸಿರು. ಮಣ್ಣಿನ ಹುಳಿ ಇನ್ನೂ ಹೋಗಿಲ್ಲವೇನೋ ಎಂದು ಅವಳು ಇನ್ನಷ್ಟು ಬೂದಿ ಸುರಿದಳು. ಎಲೆ ಇನ್ನಷ್ಟು ಬಿಳಿಚಿತು.

ಅದೇ ಹೊತ್ತಿಗೆ ಅಕ್ಕನಿಗೆ ಲಕ್ವ ಹೊಡೆಯಿತು. ಹೊಲಿಗೆ ಯಂತ್ರದ ಮೇಲೇ ಕುಸಿದಳು. ಬಲಗೈ ಹೋಯಿತು, ಮಾತೂ ಹೋಯಿತು. ಇಷ್ಟು ವರ್ಷ ಹಟಕ್ಕೆ ಬಿಟ್ಟಿದ್ದ ಮಾತು ಈಗ ಬೇಕೆಂದರೂ ಬರದು. ಆಸ್ಪತ್ರೆಯ ಕಬ್ಬಿಣದ ಮಂಚದ ಪಕ್ಕ ಚಿಕ್ಕಮ್ಮ ಬಾಯಿ ತೆರೆಯುತ್ತಿದ್ದಳು, ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಮುಚ್ಚುತ್ತಿದ್ದಳು. "ಇನ್ನು ಹೆಚ್ಚು ದಿನ ಇಲ್ಲ, ಹೇಳೋದಿದ್ರೆ ಹೇಳಿಬಿಡಿ" ಎಂದಳು ನರ್ಸ್.

ಹೇಳುವುದಕ್ಕೆ ಒಂದು ಒಳ್ಳೆಯ ಸುದ್ದಿಯಾದರೂ ಬೇಕಲ್ಲ, ಗಿಡಕ್ಕೆ ಮದ್ದು ಸಿಕ್ಕರೆ ಅದನ್ನೇ ಹೇಳಿದರಾಯಿತು ಎಂದು ಚಿಕ್ಕಮ್ಮ ಒಂದು ಹಿಡಿ ಮಣ್ಣನ್ನು ಬೀಜದ ಅಂಗಡಿಗೆ ಒಯ್ದಳು. ಅಂಗಡಿಯವನು ಅದನ್ನು ನೀರಿಗೆ ಹಾಕಿ ಕಲಕಿ, ತಿಳಿಯಾದ ಮೇಲೆ ಕಾಗದದ ಪಟ್ಟಿ ಅದ್ದಿದ. ಪಟ್ಟಿ ನೀಲಿಗೆ ತಿರುಗಿತು.

"ಹುಳಿ ಎಲ್ಲಿದೆ ಇದ್ರಲ್ಲಿ? ಪೂರ್ತಿ ಕ್ಷಾರ ಆಗೋಗಿದೆ. ಮಣ್ಣಲ್ಲಿ ಕಬ್ಬಿಣದ ಅಂಶ ಇದ್ರೂ ಬೇರಿಗೆ ಸಿಗಲ್ಲ, ಅದಕ್ಕೇ ಎಲೆ ಹಳದಿ ಆಗೋದು. ಎಷ್ಟು ಬೂದಿ ಹಾಕಿದ್ರಿ?"

ಅವಳು ಹೇಳಿದ ಲೆಕ್ಕಕ್ಕೆ ಅವನು ತಲೆಯಾಡಿಸಿದ. "ಅಷ್ಟಕ್ಕೆಲ್ಲ ಹಿಂಗಾಗಲ್ಲಮ್ಮ."

ಹಾಗಾದರೆ ಒಲೆಯಲ್ಲಿ ಸೌದೆಯ ಜೊತೆ ಬೇರೇನೋ ಸುಟ್ಟಿದ್ದಾರೆ ಎಂದು ಚಿಕ್ಕಮ್ಮ ಜಗಳಕ್ಕೇ ಸಿದ್ಧಳಾಗಿ ಬೇಕರಿಗೆ ಹೋದಳು. ಬೇಕರಿಯವನು ಕಕ್ಕಾಬಿಕ್ಕಿಯಾದ.

"ಬರೀ ಸೌದೆ ಬೂದಿ ಚಿಕ್ಕಮ್ಮ. ನೀವು ಶನಿವಾರ ಒಯ್ತೀರಿ, ಅಕ್ಕೋರು ಬುಧವಾರ ಒಯ್ತಿದ್ರು. ಇಬ್ರೂ ಕೆಲಸ ಹಂಚ್ಕೊಂಡಿದೀರಿ ಅಂದ್ಕೊಂಡಿದ್ದೆ."

ಬುಧವಾರ ಚಿಕ್ಕಮ್ಮ ಸಂತೆಗೆ ಹೋಗುವ ದಿನ. ಕೈ ಹಾಕಬೇಡ ಎಂದಿದ್ದ ಪಾತಿಗೆ, ತಂಗಿ ಮನೆಯಲ್ಲಿಲ್ಲದ ಹೊತ್ತು ನೋಡಿ, ಅಕ್ಕ ಕಳ್ಳಿಯ ಹಾಗೆ ಬಂದು ಬೂದಿ ಬೆರೆಸಿ ಹೋಗುತ್ತಿದ್ದಳು. ಕಿತ್ತ ಸಸಿಗಳ ಸಾಲಕ್ಕೆ ಅದು ಅವಳ ಬಡ್ಡಿ. ಎಲೆ ಹಳದಿಯಾದದ್ದು ಅವಳಿಗೂ ಕಂಡಿತ್ತು, ಅವಳೂ ಬೂದಿ ಹೆಚ್ಚಿಸಿದ್ದಳು. ಅತಿಯಾದರೆ ಅಮೃತವೂ ವಿಷ ಎನ್ನುತ್ತಾರೆ; ಇಲ್ಲಿ ವಿಷವಾದದ್ದು ಇಬ್ಬರ ಅಕ್ಕರೆ. ಬೇಕರಿಯ ಮೆಟ್ಟಿಲ ಮೇಲೆ ಕುಳಿತು ಚಿಕ್ಕಮ್ಮ ಬಿಕ್ಕಿ ಬಿಕ್ಕಿ ಅತ್ತಳು.

ಆಸ್ಪತ್ರೆಗೆ ಓಡಿದಳು. ಅಕ್ಕನ ಎಡಗೈ ಹಿಡಿದಾಗ ಬೆರಳ ಸಂದುಗಳಲ್ಲಿ ಬೂದಿಯ ಕ್ಷಾರಕ್ಕೆ ಬಿಟ್ಟ ಬಿರುಕುಗಳು ಸಿಕ್ಕವು. ತನ್ನ ಕೈಯಲ್ಲೂ ಅಲ್ಲೇ ಬಿರುಕು. ಒಂದೇ ಕಡೆ ತಟ್ಟೆ ತೊಳೆಯುವ ಮನೆಯಲ್ಲಿ ಒಬ್ಬರ ಕೈಯನ್ನು ಒಬ್ಬರು ನೋಡಿರಲಿಲ್ಲ.

"ಅಕ್ಕಾ, ನೀನೂ ಹಾಕ್ದೆ, ನಾನೂ ಹಾಕ್ದೆ. ಇಬ್ರೂ ಸೇರಿ ಮಣ್ಣನ್ನ ಕೊಂದ್ವಿ ಕಣೇ."

ಅಕ್ಕ ಅವಳನ್ನೇ ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಸರಿಯಿದ್ದ ಅರ್ಧ ಬಾಯಲ್ಲಿ ನಕ್ಕಳು; ಹೊಟ್ಟೆ ಕುಲುಕುವಷ್ಟು ನಕ್ಕಳು, ಕಣ್ಣೀರು ಕಿವಿಗಿಳಿಯಿತು. ಚಿಕ್ಕಮ್ಮ ಅದನ್ನು ಸೆರಗಿನಿಂದ ಒರೆಸುತ್ತಾ ಹೇಳಿದಳು: ಇನ್ನು ಬೂದಿ ಮುಟ್ಟುವುದಿಲ್ಲ, ಕೊಳೆತ ಎಲೆ ತುಂಬುತ್ತೇನೆ, ಒಂದಿಷ್ಟು ಗಂಧಕದ ಪುಡಿ ಹಾಕುತ್ತೇನೆ, ಎರಡು ವರ್ಷದಲ್ಲಿ ಸರಿಹೋಗುತ್ತದಂತೆ. ಎರಡು ವರ್ಷ ಎಂದಾಗ ಅಕ್ಕ ಕಣ್ಣು ಮುಚ್ಚಿದಳು. ಅಷ್ಟು ಸಮಯ ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ವಾರ ಕಳೆಯುವ ಮೊದಲೇ ಹೋಗಿಬಿಟ್ಟಳು.

ಮಣ್ಣು ಸರಿಹೋಯಿತು. ಎಲೆ ಹಸಿರಾಯಿತು, ಹುರುಳಿಕಾಯಿ ಗೊಂಚಲು ಗೊಂಚಲಾಗಿ ಬಿಟ್ಟಿತು. ಸಂತೆಯಲ್ಲಿ ಜನ ಹೊಗಳಿದರೆ ಚಿಕ್ಕಮ್ಮನಿಗೆ ನಾಚಿಕೆಯಾಗುತ್ತದೆ, ಬೇಗ ಬೇಗ ತೂಗಿ ಕೊಟ್ಟುಬಿಡುತ್ತಾಳೆ. ಆದರೆ ಬೀದಿಯವರು ಗಮನಿಸಿದ ಒಂದು ಸಂಗತಿಯಿದೆ. ಎಲೆಗೊಬ್ಬರದ ಬುಟ್ಟಿ ಹೊತ್ತು ಹಿತ್ತಲಿಗೆ ಹೋದವಳು ಸುರಿಯುವ ಮುನ್ನ ನಿಲ್ಲುತ್ತಾಳೆ. ಮನೆಯ ಕಡೆ ತಿರುಗಿ ಗಟ್ಟಿಯಾಗಿಯೇ ಕೇಳುತ್ತಾಳೆ.

"ಅಕ್ಕಾ, ನೀನೇನಾದ್ರೂ ಹಾಕಿದೀಯಾ?"

ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಕಾಯುತ್ತಾಳೆ. ಆಮೇಲೆ ಬುಟ್ಟಿ ಬಗ್ಗಿಸುತ್ತಾಳೆ.