ಶಬಾನಾಗೆ ಓದು ಎನ್ನದ ವರ್ಷ

ಕನ್ನಡಕ ಮರೆತು ಬಂದಿದ್ದೇನೆ ಎಂದಳು ಆ ತಾಯಿ. ಪಕ್ಕದಲ್ಲಿದ್ದ ಮಗಳು ಥಟ್ಟನೆ ಅವಳತ್ತ ತಿರುಗಿದಳು. ಅಮ್ಮನಿಗೆ ಕನ್ನಡಕವೇ ಇಲ್ಲ ಎಂಬುದು ಆ ಮುಖದಲ್ಲೇ ಕಾಣುತ್ತಿತ್ತು.

ಕಳೆದ ಶನಿವಾರ ಕಲಬುರಗಿಯಲ್ಲಿ ಮೊಮ್ಮಗಳ ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ಹೋಗಿದ್ದೆ. (ಮಗ, ಸೊಸೆ ಇಬ್ಬರಿಗೂ ಆಫೀಸು. ರಿಟೈರ್ಡ್ ಟೀಚರಿಗೆ ಇಂಥ ಡ್ಯೂಟಿ ತಪ್ಪುವುದಿಲ್ಲ.) ನಾಲ್ಕನೇ ಕ್ಲಾಸಿನ ಮಕ್ಕಳು ಮನೆಯವರಿಗೆ ಪತ್ರ ಬರೆದಿದ್ದರು. ಅದನ್ನು ದೊಡ್ಡವರು ಎದ್ದು ನಿಂತು ಗಟ್ಟಿಯಾಗಿ ಓದಬೇಕು. ತಮ್ಮ ಮಾತಿಗೂ ಬೆಲೆಯಿದೆ ಎಂದು ಮಕ್ಕಳಿಗೆ ಅನ್ನಿಸಲಿ ಎಂಬುದು ಅವರ ಮಿಸ್ಸಿನ ಆಸೆ. ಒಳ್ಳೆಯ ಐಡಿಯಾ ಅಲ್ಲವೇ?

ಆದರೆ ಆ ತಾಯಿ ಹಾಳೆಯನ್ನು ಮಡಚುತ್ತ, ಬಿಚ್ಚುತ್ತ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಹಾಳೆ ಇಸಿದುಕೊಂಡು ನಾನೇ ಓದಿದೆ. 'ಅಮ್ಮೀ, ನೀನು ನನ್ನ ಶಾಲೆಗೆ ಬಂದರೆ ನನಗೆ ಖುಷಿ' ಎಂದು ಶುರುವಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬರೆದ ಹುಡುಗಿ ಮಾತ್ರ ತಟ್ಟಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಆ ತಾಯಿ ಕಾರಿಡಾರಿನಲ್ಲಿ ನನಗಾಗಿ ನಿಂತಿದ್ದಳು.

"ಗುರ್ತು ಸಿಗಲಿಲ್ಲೇನ್ರೀ ಟೀಚರ್? ನಾ ಶಬಾನಾ. ಕಮಲಾಪುರದಾಗ ನಿಮ್ಮ ಕ್ಲಾಸಿನಾಗ ಇದ್ದೆ."

ನೆನಪಾಯಿತು. ಏಳನೇ ಕ್ಲಾಸು. ಲೆಕ್ಕದಲ್ಲಿ ಅವಳೇ ಮುಂದೆ. ಮನೆಮಾತು ದಖನಿ ಉರ್ದು. ಒಂದು ದಿನ ಪಾಠ ಓದುವಾಗ 'ಬೆಳಕು' ಹೋಗಿ 'ಬೆಲಕು' ಆಯಿತು, 'ಹಳ್ಳ' ಹೋಗಿ 'ಹಲ್ಲ' ಆಯಿತು. ಇಡೀ ಕ್ಲಾಸು ನಕ್ಕಿತು. ನಾನು ನಗಲಿಲ್ಲ. (ಇಷ್ಟು ವರ್ಷ ಅದನ್ನೇ ದೊಡ್ಡತನ ಅಂದುಕೊಂಡಿದ್ದೆ.) ನಕ್ಕವರಿಗೆ ಏನೂ ಹೇಳಲಿಲ್ಲ. ಅವಳಿಗೆ ಕೂಡು ಎಂದೆ, ಮುಂದಿನವಳಿಂದ ಓದಿಸಿದೆ. ಆಮೇಲೆ ವರ್ಷವಿಡೀ ಅವಳ ಸರದಿ ಬಂದಾಗಲೆಲ್ಲ ದಾಟಿ ಹೋದೆ. ಮಗುವಿಗೆ ಮತ್ತೆ ಅವಮಾನ ಆಗಬಾರದಲ್ಲ?

ಈಗ ಕಪನೂರಿನ ಬೇಳೆ ಮಿಲ್ಲಿನಲ್ಲಿ ಪ್ಯಾಕಿಂಗ್ ಕೆಲಸವಂತೆ. ಪಿಯುಸಿ ಮುಗಿಸಿದಾಗ ಟೀಚರ್ ಟ್ರೇನಿಂಗಿಗೆ ಸೀಟು ಸಿಕ್ಕಿತ್ತಂತೆ. ಹೋಗು ಎಂದು ಅಪ್ಪನೂ ಹೇಳಿದ್ದರಂತೆ. ಬೇಡ ಎಂದವಳು ಇವಳೇ. ಯಾಕೆ ಎಂದು ಕೇಳಿದೆ.

"ಟೀಚರ್ ಆದ್ರ ದಿನಾ ಎಲ್ಲಾರ ಮುಂದ ಓದಬೇಕಲ್ರೀ."

ಸುಮ್ಮನೆ ನಕ್ಕಳು. ತಪ್ಪಾಯಿತು ಎನ್ನಬೇಕು, ಎಲ್ಲಿಂದ ಶುರು ಮಾಡಲಿ? ಅಷ್ಟರಲ್ಲಿ ಅವಳೇ ನನ್ನ ಕೈ ಹಿಡಿದುಕೊಂಡಳು.

"ನೀವು ಭಾಳ ಚಲೋ ಇದ್ರಿ ಟೀಚರ್. ಮತ್ತ ಒಮ್ಮೆನೂ ನನಗ ಓದು ಅನ್ನಲಿಲ್ಲ. ಇವತ್ತೂ ನೀವೇ ಉಳಿಸಿದ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪತ್ರ ಇನ್ನೂ ನನ್ನ ಕೈಯಲ್ಲೇ ಇತ್ತು. ಹುಡುಗಿ ಅದನ್ನು ಇಸಿದುಕೊಂಡಳು. ಮನೆಗೆ ಹೋದ ಮೇಲಾದರೂ ಓದುತ್ತೀಯಾ ಎಂದು ದಖನಿಯಲ್ಲಿ ಅಮ್ಮನನ್ನು ಕೇಳಿದಳು. ಶಬಾನಾ ಮಗಳ ದುಪಟ್ಟಾ ಸರಿಮಾಡಿದಳು. ಇಬ್ಬರೂ ಗೇಟು ದಾಟುವವರೆಗೆ ನಾನು ಅಲ್ಲೇ ನಿಂತಿದ್ದೆ.

ಈ ಅಂಕಣ ಓದುವ ಟೀಚರುಗಳೇ, ಇವತ್ತು ನಿಮ್ಮ ಕ್ಲಾಸಿನಲ್ಲಿ ಯಾರಿಗೆ ಇಂಥ ಉಪಕಾರ ಮಾಡಿ ಬಂದಿರಿ?